ಪದ ಪರಿಚಯ: ಮ್ಯೂಲ್ಸಿಂಗ್

ಮೃದುವಾದ ಉಣ್ಣೆಗೆ ಹೆಸರಾದ ಮೆರಿನೋ ತಳಿಯ ಕುರಿಮರಿಯ ಬಾಲದ ಬುಡದ ಎರಡೂ ಬದಿಗಳಲ್ಲಿ ಉಣ್ಣೆ ಬೆಳೆಯುವ ಚರ್ಮವನ್ನು ಪಟ್ಟಿಯಾಗಿ ಕತ್ತರಿಸಿ ತೆಗೆಯುವುದಕ್ಕೆ ಮ್ಯೂಲ್ಸಿಂಗ್ ಎನ್ನುತ್ತಾರೆ. ಗಾಯ ಮಾಗಿದ ಮೇಲೆ ಅಲ್ಲಿ ಉಣ್ಣೆ ಹುಟ್ಟುವುದಿಲ್ಲ. ಚರ್ಮ ಬಿಗಿದು ಸುಕ್ಕುಗಳು ಹೋಗುತ್ತವೆ, ಗುದದ ಸುತ್ತಲಿನ ಬೋಳು ಜಾಗ ಅಗಲವಾಗುತ್ತದೆ. ಮೂತ್ರ ಮತ್ತು ಹಿಕ್ಕೆ ಅಂಟಿಕೊಳ್ಳದೆ ಆ ಭಾಗ ಒಣಗಿರಬೇಕು ಎನ್ನುವುದು ಇದರ ಉದ್ದೇಶ. ಆಸ್ಟ್ರೇಲಿಯಾದ ಉಣ್ಣೆ ಉದ್ಯಮದಲ್ಲಿ ಇದು ದಶಕಗಳಿಂದ ನಡೆದುಬಂದಿದೆ, ಅಷ್ಟೇ ಕಾಲದ ವಿವಾದವೂ ಇದರ ಬೆನ್ನಿಗಿದೆ.

ಇಷ್ಟು ಕಠೋರವಾದ ಕೆಲಸ ಏಕೆ ಬೇಕಾಯಿತು ಎಂದು ತಿಳಿಯಲು ಒಂದು ನೊಣವನ್ನು ಅರಿಯಬೇಕು. ಲೂಸಿಲಿಯಾ ಕ್ಯುಪ್ರಿನಾ ಎಂಬ, ತಾಮ್ರದ ಹೊಳಪಿನ ಹಸಿರು ನೊಣ ಒದ್ದೆಯಾದ, ಕೊಳೆತ ವಾಸನೆಯ ಉಣ್ಣೆಯನ್ನು ಹುಡುಕಿ ಮೊಟ್ಟೆಯಿಡುತ್ತದೆ. ಮಳೆ ಬಿದ್ದು ಬಿಸಿಲೇರಿದ ದಿನಗಳು ಅದಕ್ಕೆ ಹಬ್ಬ. ಒಂದು ದಿನದೊಳಗೆ ಮೊಟ್ಟೆಯೊಡೆದು ಬರುವ ಮರಿಹುಳಗಳು ಜೀವಂತ ಕುರಿಯ ಚರ್ಮವನ್ನು ಕೆರೆದು ಮಾಂಸಕ್ಕೆ ಇಳಿಯುತ್ತವೆ. ಆ ವಾಸನೆಗೆ ಇನ್ನಷ್ಟು ನೊಣಗಳು ಮುತ್ತುತ್ತವೆ. ಕುರಿ ಮೇವು ಬಿಡುತ್ತದೆ, ಕಾಲು ಕುಟ್ಟುತ್ತದೆ, ಹಿಂಭಾಗವನ್ನು ಕಚ್ಚಿಕೊಳ್ಳಲು ಹೆಣಗುತ್ತದೆ. ಯಾರೂ ಗಮನಿಸದಿದ್ದರೆ ದೇಹಕ್ಕೆ ನಂಜೇರಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ನಮ್ಮ ಕುರಿಗಾಹಿಗಳು ‘ಗಾಯಕ್ಕೆ ಹುಳ ಬಿದ್ದಿದೆ’ ಎಂದರೆ ಏನೆಂದು ನೋಡಿದವರಿಗೆ ಈ ಸಾವಿನ ಭೀಕರತೆಯನ್ನು ವಿವರಿಸಬೇಕಿಲ್ಲ. ಸಾವಿರಾರು ಎಕರೆಗಳಲ್ಲಿ ಹರಡಿಕೊಂಡು ಮೇಯುವ ಹಿಂಡಿನಲ್ಲಿ ಪ್ರತಿ ಕುರಿಯನ್ನೂ ದಿನವೂ ಹಿಡಿದು ನೋಡುವುದು ಆಗದ ಮಾತು.

ಆದರೆ ಅಪಾಯ ಇಷ್ಟು ದೊಡ್ಡದಾಗಲು ನೊಣವೊಂದೇ ಕಾರಣವಲ್ಲ. 1880ರ ದಶಕದಲ್ಲಿ ಅಮೆರಿಕದ ವರ್ಮಾಂಟ್ ತಳಿಯ ಮೆರಿನೋ ಟಗರುಗಳನ್ನು ಆಸ್ಟ್ರೇಲಿಯಾಕ್ಕೆ ತಂದರು. ಅವುಗಳ ಮೈತುಂಬ ಚರ್ಮದ ಮಡಿಕೆಗಳಿದ್ದವು. ಚರ್ಮ ಹೆಚ್ಚಿದ್ದಷ್ಟೂ ಉಣ್ಣೆ ಹೆಚ್ಚು ಎಂಬುದು ಅಂದಿನ ನಂಬಿಕೆ. ಆ ಮಡಿಕೆಗಳು ಹಿಂಡುಗಳಲ್ಲಿ ಉಳಿದುಬಂದವು, ತೇವ ಹಿಡಿದಿಟ್ಟುಕೊಂಡು ನೊಣಗಳಿಗೆ ಮನೆಯಾದವು. ಮನುಷ್ಯನ ಆಸೆ ಕುರಿಯ ಮೈಮೇಲೆ ಹೇರಿದ ಹೊರೆ ಇದು ಎಂಬುದನ್ನು ಮರೆತು ಈ ವಿಷಯವನ್ನು ಚರ್ಚಿಸುವುದು ನ್ಯಾಯವಲ್ಲ.

ಹೆಸರು ಬಂದದ್ದು ದಕ್ಷಿಣ ಆಸ್ಟ್ರೇಲಿಯಾದ ಕುರಿ ಸಾಕಣೆಗಾರ ಜಾನ್ ಮ್ಯೂಲ್ಸ್ ಅವರಿಂದ. ಪದೇಪದೇ ಹುಳ ಬೀಳುತ್ತಿದ್ದ ಹೆಣ್ಣು ಕುರಿಯೊಂದರ ಉಣ್ಣೆ ಕತ್ತರಿಸುವಾಗ ಕೈತಪ್ಪಿ ಅದರ ಹಿಂಭಾಗದ ಚರ್ಮವೂ ಹೋಯಿತು, ಆಮೇಲೆ ಆ ಕುರಿಗೆ ಹುಳ ಬೀಳಲಿಲ್ಲ ಎಂಬುದು ಪ್ರಚಲಿತ ಕಥೆ. 1930ರ ದಶಕದಲ್ಲಿ ಈ ವಿಧಾನ ಬೆಳಕಿಗೆ ಬಂತು, ನಿಧಾನವಾಗಿ ದೇಶದುದ್ದಕ್ಕೂ ಹಬ್ಬಿತು.

ಇದರ ನೋವು ಸಣ್ಣದಲ್ಲ. ಕತ್ತರಿ ಆಡುವುದು ಕೆಲವೇ ಕ್ಷಣ, ಆದರೆ ಸಂಕಟದ ಹಾರ್ಮೋನಾದ ಕಾರ್ಟಿಸೋಲ್ ಮರಿಯ ರಕ್ತದಲ್ಲಿ ಒಂದೆರಡು ದಿನ ಏರಿಯೇ ಇರುತ್ತದೆ. ಮರಿ ಬೆನ್ನು ಬಾಗಿಸಿ ನಿಲ್ಲುತ್ತದೆ, ಬಿಗಿದ ಹೆಜ್ಜೆ ಇಡುತ್ತದೆ, ಮಲಗಲು ಹಿಂಜರಿಯುತ್ತದೆ, ಹಿಡಿದ ಮನುಷ್ಯನನ್ನು ಕಂಡರೆ ವಾರಗಟ್ಟಲೆ ದೂರ ಸರಿಯುತ್ತದೆ. ಗಾಯ ಪೂರ್ತಿ ಮಾಗಲು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇಕು.

ಹಾಗಾದರೆ ದಯೆಯಿಂದ ಮಾಡುವುದು ಎಂದರೇನು? ಮೊದಲನೆಯ ಮಾತು ಔಷಧಿಯದು. ಮೆಲಾಕ್ಸಿಕ್ಯಾಮ್ ಎಂಬ ನೋವು ನಿವಾರಕವನ್ನು ಕತ್ತರಿಸುವ ಮೊದಲೇ ಚುಚ್ಚುಮದ್ದಾಗಿ ಅಥವಾ ಕೆನ್ನೆಯ ಒಳಭಾಗಕ್ಕೆ ಕೊಡಬಹುದು. ಅದು ನಿಧಾನವಾಗಿ ಕೆಲಸ ಆರಂಭಿಸಿ ಮುಂದಿನ ಊತ, ನೋವುಗಳನ್ನು ತಗ್ಗಿಸುತ್ತದೆ. ಕತ್ತರಿಸಿದ ತಕ್ಷಣ ಹಸಿ ಗಾಯದ ಮೇಲೆ ಸಿಂಪಡಿಸುವ ಟ್ರೈ-ಸಾಲ್ಫೆನ್ ಬೇರೆ ಬಗೆಯದು. ಅದರಲ್ಲಿ ಲಿಗ್ನೋಕೇಯ್ನ್ ಮತ್ತು ಬ್ಯುಪಿವಕೇಯ್ನ್ ಎಂಬ ಎರಡು ಅರಿವಳಿಕೆಗಳು, ರಕ್ತಸ್ರಾವ ತಗ್ಗಿಸುವ ಅಡ್ರಿನಲಿನ್, ನಂಜು ತಡೆಯುವ ಸೆಟ್ರಿಮೈಡ್ ಇವೆ. ಒಂದು ತಕ್ಷಣದ ಉರಿಗೆ, ಇನ್ನೊಂದು ಆಮೇಲಿನ ನೋವಿಗೆ. ಎರಡನ್ನೂ ಕೊಡುವುದೇ ಸರಿಯಾದ ಕ್ರಮ. ಹೀಗಿದ್ದರೂ ಕತ್ತರಿ ತಾಗುವ ಆ ಕ್ಷಣದ ನೋವು ಪೂರ್ತಿ ಹೋಗುವುದಿಲ್ಲ ಎಂಬ ಸತ್ಯವನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು. ಔಷಧಿ ಸಿಗುತ್ತಿರುವಾಗ ಅದಿಲ್ಲದೆ ಈ ಕೆಲಸ ಮಾಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ ಎಂದೇ ನನ್ನ ನಿಲುವು.

ಉಳಿದದ್ದು ಕೈಚಳಕ ಮತ್ತು ತಾಳ್ಮೆ. ಮರಿ ಕೆಲವೇ ವಾರಗಳದ್ದಾಗಿರಬೇಕು, ಏಕೆಂದರೆ ದೊಡ್ಡದಾದಂತೆಲ್ಲ ಗಾಯವೂ ದೊಡ್ಡದು. ತರಬೇತಿ ಪಡೆದವರೇ ಹರಿತವಾದ, ಸೋಂಕು ತೊಳೆದ ಕತ್ತರಿ ಹಿಡಿಯಬೇಕು. ಉಣ್ಣೆಯಿರುವ ಚರ್ಮ ಮಾತ್ರ ಹೋಗಬೇಕು, ಸ್ನಾಯುವಿಗೆ ಅಲಗು ತಾಗಬಾರದು. ಬಾಲವನ್ನೂ ಅದೇ ಹೊತ್ತಿಗೆ ಕತ್ತರಿಸುವ ರೂಢಿಯಿದೆ. ಅದನ್ನು ತೀರಾ ಗಿಡ್ಡ ಮಾಡಿದರೆ ಹೆಣ್ಣು ಕುರಿಯ ಯೋನಿಭಾಗ ಬಿಸಿಲಿಗೆ ತೆರೆದುಕೊಂಡು ಮುಂದೆ ಕ್ಯಾನ್ಸರ್ ತಗಲುವ ಭಯವಿದೆ, ಹಾಗಾಗಿ ಕೈಗೆ ಸಿಗುವ ಮೂರು ಗೆಣ್ಣುಗಳಷ್ಟಾದರೂ ಬಾಲ ಉಳಿಸಬೇಕು. ನೊಣ ಕಡಿಮೆಯಿರುವ ತಂಪು ಹವೆಯ ದಿನ, ದೂಳು ಕೆಸರುಗಳಿಲ್ಲದ ಶುಚಿಯಾದ ದೊಡ್ಡಿ, ಧನುರ್ವಾಯುವಿನ ಲಸಿಕೆ ಇವು ಬೇಕೇ ಬೇಕು. ಕೆಲಸ ಮುಗಿದೊಡನೆ ಮರಿಯನ್ನು ತಾಯಿಯ ಬಳಿಗೆ ಬಿಡಬೇಕು. ಮಾಗುವವರೆಗೆ ಹಿಂಡನ್ನು ಅಟ್ಟಿಕೊಂಡು ಹೋಗಬಾರದು, ಆದರೆ ದೂರದಿಂದ ದಿನವೂ ಕಣ್ಣಿಡಬೇಕು.

ಆಸ್ಟ್ರೇಲಿಯಾದ ರಾಷ್ಟ್ರೀಯ ಮಾನದಂಡಗಳ ಪ್ರಕಾರ ಹುಟ್ಟಿ 24 ಗಂಟೆಯಾಗದ ಮರಿಗೂ 12 ತಿಂಗಳು ದಾಟಿದ ಕುರಿಗೂ ಇದನ್ನು ಮಾಡುವಂತಿಲ್ಲ. ಆರು ತಿಂಗಳು ದಾಟಿದ್ದರೆ ನೋವು ನಿವಾರಕ ಕಡ್ಡಾಯ. ಎಳೆಯ ಮರಿಗಳಿಗೆ ಅದೇ ರಕ್ಷಣೆ ಇಲ್ಲದಿರುವುದು ವಿಚಿತ್ರ, ಏಕೆಂದರೆ ಹೆಚ್ಚಿನ ಮರಿಗಳಿಗೆ ಮ್ಯೂಲ್ಸಿಂಗ್ ಆಗುವುದೇ ಆ ವಯಸ್ಸಿನಲ್ಲಿ. ವಿಕ್ಟೋರಿಯಾ ರಾಜ್ಯ 2020ರ ಜುಲೈ 1ರಿಂದ ಎಲ್ಲ ವಯಸ್ಸಿನ ಕುರಿಗಳಿಗೂ ನೋವು ನಿವಾರಕವನ್ನು ಕಡ್ಡಾಯ ಮಾಡಿತು. ನ್ಯೂಜಿಲೆಂಡ್ 2018ರಲ್ಲಿ ಮ್ಯೂಲ್ಸಿಂಗ್ ಅನ್ನೇ ನಿಷೇಧಿಸಿತು. 2010ರೊಳಗೆ ನಿಲ್ಲಿಸುತ್ತೇವೆ ಎಂದು 2004ರಲ್ಲಿ ಮಾತು ಕೊಟ್ಟಿದ್ದ ಆಸ್ಟ್ರೇಲಿಯಾದ ಉಣ್ಣೆ ಉದ್ಯಮ 2009ರಲ್ಲಿ ಆ ಗಡುವನ್ನು ಕೈಬಿಟ್ಟಿತು.

ನಮ್ಮ ಡೆಕ್ಕನಿ ಕುರಿಗೆ ಈ ಕತ್ತರಿಯ ಹಂಗಿಲ್ಲ. ಅದರ ಬಾಲ ಗಿಡ್ಡ, ಮೈಮೇಲೆ ಮೆರಿನೋದಂಥ ಮಡಿಕೆಗಳಿಲ್ಲ. ಕಂಬಳಿಗೆ ಒದಗುವ ಅದರ ಉಣ್ಣೆ ಒರಟು. ಮೃದುವಾದ ಸೂಟು, ಶಾಲುಗಳಿಗೆ ಭಾರತದ ಗಿರಣಿಗಳು ಆಸ್ಟ್ರೇಲಿಯಾದ ಮೆರಿನೋ ಉಣ್ಣೆಯನ್ನು ತರಿಸುತ್ತವೆ, ಆದ್ದರಿಂದ ಈ ಪ್ರಶ್ನೆ ನಮ್ಮ ಕಪಾಟಿನವರೆಗೂ ಬರುತ್ತದೆ. ಅಲ್ಲಿನ ಬೆಳೆಗಾರರು ಹರಾಜಿಗೆ ಕಳಿಸುವಾಗ ರಾಷ್ಟ್ರೀಯ ಉಣ್ಣೆ ಘೋಷಣೆ ಎಂಬ ಪತ್ರ ತುಂಬುವ ವ್ಯವಸ್ಥೆಯಿದೆ. ಮ್ಯೂಲ್ಸಿಂಗ್ ಮಾಡಿಲ್ಲ, ನಿಲ್ಲಿಸಿದ್ದೇವೆ, ನೋವು ನಿವಾರಕ ಕೊಟ್ಟು ಮಾಡಿದ್ದೇವೆ ಎಂಬುದು ಅದರಲ್ಲಿ ದಾಖಲಾಗುತ್ತದೆ. ಬಟ್ಟೆ ಕಂಪನಿಗಳು ಇದನ್ನು ನೋಡಿ ಕೊಳ್ಳುವುದು ಹೆಚ್ಚಿದಷ್ಟೂ ಬೆಳೆಗಾರ ಬದಲಾಗಲು ಕಾರಣ ಸಿಗುತ್ತದೆ.

ಬದಲಾವಣೆಯ ದಾರಿ ತಳಿಯಲ್ಲಿದೆ. ಹಿಂಭಾಗದ ಸುಕ್ಕು, ಅಲ್ಲಿ ಅಂಟುವ ಹಿಕ್ಕೆ, ಉಣ್ಣೆಯ ಹರವು ಈ ಮೂರಕ್ಕೂ ಅಂಕ ಕೊಟ್ಟು ಟಗರುಗಳನ್ನು ಆರಿಸುವ ವ್ಯವಸ್ಥೆ ಆಸ್ಟ್ರೇಲಿಯಾದಲ್ಲೇ ಇದೆ, ಮತ್ತು ನುಣುಪು ಮೈಯ ಮೆರಿನೋಗಳನ್ನು ಸಾಕಿ ಕತ್ತರಿ ಕೆಳಗಿಟ್ಟವರೂ ಇದ್ದಾರೆ. ಆದರೆ ಸುಕ್ಕು ತುಂಬಿದ ಹಿಂಡಿನಲ್ಲಿ ಒಮ್ಮೆಗೇ ನಿಲ್ಲಿಸಿಬಿಟ್ಟರೆ ಕುರಿಗಳು ಹುಳಕ್ಕೆ ಬಲಿಯಾಗುತ್ತವೆ. ಹಿಂಡು ಬದಲಾಗುವ ಕೆಲವು ವರ್ಷ ಹಿಂಭಾಗದ ಉಣ್ಣೆಯನ್ನು ಆಗಾಗ ಕತ್ತರಿಸುತ್ತಿರಬೇಕು, ನೊಣದ ಕಾಲಕ್ಕೆ ಮೊದಲೇ ಔಷಧಿ ಸಿಂಪಡಿಸಬೇಕು, ಭೇದಿ ತರುವ ಹೊಟ್ಟೆಹುಳಗಳನ್ನು ಹತೋಟಿಯಲ್ಲಿಡಬೇಕು, ಮತ್ತೆಮತ್ತೆ ಹುಳ ಬೀಳುವ ಕುರಿಯನ್ನು ಅದರ ಉಣ್ಣೆ ಎಷ್ಟೇ ಚೆನ್ನಾಗಿದ್ದರೂ ತಳಿಗೆ ಉಳಿಸಿಕೊಳ್ಳಬಾರದು.