ಪ್ಯಾನೆಲ್ ಹಿಂದಿನ ಲೇಬಲ್ ಓದದೆ ಚಾರ್ಜ್ ಕಂಟ್ರೋಲರ್ ತಗೋಬೇಡಿ

ಸೋಲಾರ್ ಚಾರ್ಜ್ ಕಂಟ್ರೋಲರ್, ಅಂದ್ರೆ ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜಿಂಗ್ ನೋಡ್ಕೊಳ್ಳೋ ಡಬ್ಬ, ತಗೋಬೇಕು ಅಂತ ಹೊರಟವರೆಲ್ಲ ಕೇಳೋ ಮೊದಲ ಪ್ರಶ್ನೆ ಒಂದೇ, ಇದರಲ್ಲಿರೋ ಎರಡು ಥರದಲ್ಲಿ ಪಿಡಬ್ಲ್ಯೂಎಂ ಒಳ್ಳೇದಾ ಎಂಪಿಪಿಟಿ ಒಳ್ಳೇದಾ ಅಂತ. ನನ್ ಪ್ರಕಾರ ಅದು ಮೂರನೇ ಪ್ರಶ್ನೆ. ಮೊದಲು ಪ್ಯಾನೆಲ್ ಹಿಂದೆ ಅಂಟಿಸಿರೋ ಲೇಬಲ್ ನೋಡ್ಬೇಕು, ಆಮೇಲೆ ಬ್ಯಾಟರಿ ಯಾವ್ದು ಎಷ್ಟು ವೋಲ್ಟಿಂದು ಅಂತ ನೋಡ್ಬೇಕು, ಇವೆರಡೂ ಗೊತ್ತಾಗಿಬಿಟ್ರೆ ಯಾವ ಕಂಟ್ರೋಲರ್ ಅನ್ನೋದು ಹೆಚ್ಚುಕಮ್ಮಿ ತಾನಾಗೇ ತೀರ್ಮಾನ ಆಗುತ್ತೆ.

ಲೇಬಲ್ ಮೇಲೆ ನಾಲ್ಕು ಸಂಖ್ಯೆ ಇರುತ್ತೆ. ವಿಓಸಿ ಅಂದ್ರೆ ಪ್ಯಾನೆಲ್‌ಗೆ ಏನೂ ಜೋಡಿಸದೆ ಹಾಗೇ ಬಿಟ್ಟಾಗ ಬರೋ ವೋಲ್ಟೇಜ್. ಐಎಸ್‌ಸಿ ಅಂದ್ರೆ ಎರಡು ವೈರ್ ಒಂದಕ್ಕೊಂದು ಮುಟ್ಟಿಸಿದಾಗ ಹರಿಯೋ ಕರೆಂಟ್. ವಿಎಂಪಿ, ಐಎಂಪಿ ಅಂದ್ರೆ ಪ್ಯಾನೆಲ್ ಅತಿ ಹೆಚ್ಚು ಪವರ್ ಕೊಡೋ ಹೊತ್ತಲ್ಲಿ ಇರೋ ವೋಲ್ಟು ಮತ್ತೆ ಆಂಪು. 36 ಸೆಲ್ ಇರೋ ಮಾಮೂಲಿ 100 ವ್ಯಾಟ್ ಪ್ಯಾನೆಲ್ ತಗೊಂಡ್ರೆ ವಿಓಸಿ 22 ವೋಲ್ಟ್ ಆಸುಪಾಸು, ವಿಎಂಪಿ 18, ಐಎಂಪಿ ಐದೂವರೆ ಆಂಪ್. 18 ಇಂಟು 5.5, ಅಲ್ಲಿಗೆ 100 ವ್ಯಾಟ್ ಬಂತು. ಇದನ್ನ "12 ವೋಲ್ಟ್ ಪ್ಯಾನೆಲ್" ಅಂತ ಕರೀತಾರೆ, ಅದರಲ್ಲಿ 12 ವೋಲ್ಟ್ ಎಲ್ಲೂ ಇಲ್ಲ, 12 ವೋಲ್ಟ್ ಬ್ಯಾಟರಿ ಚಾರ್ಜ್ ಮಾಡೋಕೆ ಆಗುತ್ತೆ ಅಂತಷ್ಟೇ ಅರ್ಥ. ಇನ್ನೊಂದು ವಿಷಯ, ಲೇಬಲ್ ಮೇಲಿರೋದೆಲ್ಲ ಸೆಲ್ 25 ಡಿಗ್ರಿಯಲ್ಲಿದ್ದಾಗ ಅಳೆದಿದ್ದು. ಬಿಸಿಲಲ್ಲಿ ನಿಂತಿರೋ ಪ್ಯಾನೆಲ್‌ಗೆ ಆ ಭಾಗ್ಯ ಎಲ್ಲಿ, ಸುತ್ತಲಿನ ಗಾಳಿಗಿಂತ 25-30 ಡಿಗ್ರಿ ಜಾಸ್ತೀನೇ ಕಾದಿರುತ್ತೆ. ಇದು ಮುಂದೆ ಲೆಕ್ಕಕ್ಕೆ ಬರುತ್ತೆ.

ಈಗ ಆ ಎರಡು ಥರದ ಕಂಟ್ರೋಲರ್ ವಿಷಯ. ಪಿಡಬ್ಲ್ಯೂಎಂ ಅಂದ್ರೆ ಅದೊಂದು ವೇಗದ ಸ್ವಿಚ್, ಅಷ್ಟೇ. ಪ್ಯಾನೆಲ್ಲನ್ನ ಬ್ಯಾಟರಿಗೆ ನೇರವಾಗಿ ಸೇರಿಸುತ್ತೆ, ಬ್ಯಾಟರಿ ತುಂಬ್ತಾ ಬಂದಾಗ ಆಫ್ ಆನ್ ಆಫ್ ಆನ್ ಮಾಡಿ ಕರೆಂಟ್ ತಗ್ಗಿಸುತ್ತೆ. ನೇರವಾಗಿ ಸೇರಿಸಿದ್ಮೇಲೆ ಪ್ಯಾನೆಲ್ ಕೂಡ ಬ್ಯಾಟರಿ ವೋಲ್ಟೇಜಿಗೇ ಇಳಿದು ನಿಲ್ಲುತ್ತೆ. ಬ್ಯಾಟರಿ 13 ವೋಲ್ಟಲ್ಲಿದ್ರೆ ಪ್ಯಾನೆಲ್ಲೂ 13, ಕರೆಂಟ್ ಮಾತ್ರ ಅದೇ ಐದೂವರೆ ಆಂಪ್ ಚಿಲ್ಲರೆ, ಯಾಕಂದ್ರೆ ಸೋಲಾರ್ ಸೆಲ್ ಸ್ವಭಾವ ಹಾಗೆ, ವೋಲ್ಟೇಜ್ ಇಳಿಸಿದ್ರೂ ಕರೆಂಟ್ ಹೆಚ್ಚೇನೂ ಏರಲ್ಲ. 13 ಇಂಟು 5.6, ಸುಮಾರು 73 ವ್ಯಾಟ್. ಎಂಪಿಪಿಟಿಯಲ್ಲಿ ಒಳಗೊಂದು ಡಿಸಿ ಕನ್ವರ್ಟರ್ ಇರುತ್ತೆ, ಅದು ಪ್ಯಾನೆಲ್ಲನ್ನ 18 ವೋಲ್ಟಲ್ಲೇ ನಿಲ್ಲಿಸ್ಕೊಂಡು, ಬ್ಯಾಟರಿ ಕಡೆಗೆ ವೋಲ್ಟ್ ಇಳಿಸಿ ಆಂಪ್ ಏರಿಸಿ ಕಳಿಸುತ್ತೆ. ಆ 18 ಎಲ್ಲಿದೆ ಅನ್ನೋದು ಬಿಸಿಲು, ಬಿಸಿ ನೋಡ್ಕೊಂಡು ಬದಲಾಗ್ತಾ ಇರೋದ್ರಿಂದ ಅದು ಸುಮ್ನೆ ಕೂರಲ್ಲ, ವೋಲ್ಟೇಜ್ ಸ್ವಲ್ಪ ಆ ಕಡೆ ಸರಿಸಿ ಪವರ್ ಏರ್ತಾ ಇಳೀತಾ ನೋಡುತ್ತೆ, ಏರಿದ್ರೆ ಅದೇ ದಿಕ್ಕಲ್ಲಿ ಇನ್ನೊಂದು ಹೆಜ್ಜೆ, ಇಳಿದ್ರೆ ವಾಪಸ್ಸು, ದಿನವಿಡೀ ಇದೇ ಕೆಲಸ.

ಹಾಗಾದ್ರೆ ಎಂಪಿಪಿಟಿನೇ ತಗೊಂಡ್ರೆ ಮುಗೀತಲ್ಲ ಅಂತೀರಾ. ಸ್ವಲ್ಪ ನಿಧಾನಿಸಿ. ಸೆಲ್ ಕಾದಷ್ಟೂ ವಿಎಂಪಿ ಇಳಿಯುತ್ತೆ, ಡಿಗ್ರಿಗೆ ಹೆಚ್ಚುಕಮ್ಮಿ ಶೇಕಡಾ 0.4. ಮಧ್ಯಾಹ್ನದ ಬಿಸಿಲಿಗೆ ಸೆಲ್ 65 ಡಿಗ್ರಿ ಆಯ್ತು ಅಂದ್ಕೊಳ್ಳಿ, ಅಂದ್ರೆ ಲೇಬಲ್ ಲೆಕ್ಕಕ್ಕಿಂತ 40 ಡಿಗ್ರಿ ಜಾಸ್ತಿ, 18 ವೋಲ್ಟ್ ಇದ್ದಿದ್ದು 15 ಆಸುಪಾಸಿಗೆ ಬಂದು ನಿಂತಿರುತ್ತೆ. ಅತ್ತ ಬ್ಯಾಟರಿ ತುಂಬೋ ಹಂತಕ್ಕೆ ಬಂದು 14.4 ವೋಲ್ಟಲ್ಲಿರುತ್ತೆ. ಉಳಿದಿದ್ದೆಷ್ಟು, ಅರ್ಧ ಮುಕ್ಕಾಲು ವೋಲ್ಟ್, ಅದರಲ್ಲೂ ವೈರ್ ಸ್ವಲ್ಪ ತಿನ್ನುತ್ತೆ, ಕನ್ವರ್ಟರ್ ತನ್ನ ಪಾಲು ಅಂತ ಶೇಕಡಾ 3-5 ತಿನ್ನುತ್ತೆ. ಕೊನೆಗೆ ಎರಡೂ ಹೆಚ್ಚುಕಮ್ಮಿ ಒಂದೇ. ಡಬ್ಬದ ಮೇಲೆ "ಶೇಕಡಾ 30 ಹೆಚ್ಚು" ಅಂತ ಬರೆದಿರ್ತಾರಲ್ಲ, ಅದು ಸುಳ್ಳಲ್ಲ, ಆದ್ರೆ ಅದು ತಣ್ಣಗಿರೋ ಬೆಳಗ್ಗೆ, ಬ್ಯಾಟರಿ ಚೆನ್ನಾಗಿ ಖಾಲಿಯಾಗಿದ್ದಾಗಿನ ಮಾತು. ಬಿಸಿ ಜಾಗದಲ್ಲಿ 36 ಸೆಲ್ಲಿನ ಒಂದೋ ಎರಡೋ ಸಣ್ಣ ಪ್ಯಾನೆಲ್, 12 ವೋಲ್ಟ್ ಬ್ಯಾಟರಿ, ನಾಲ್ಕು ಲೈಟು ಅಂತಿದ್ರೆ ಒಳ್ಳೆ ಪಿಡಬ್ಲ್ಯೂಎಂ ಧಾರಾಳವಾಗಿ ಸಾಕು, ಉಳಿಯೋ ದುಡ್ಡಲ್ಲಿ ಇನ್ನೊಂದು ಪ್ಯಾನೆಲ್ ಹಾಕಿದ್ರೆ ಅದೇ ಹೆಚ್ಚು ಲಾಭ.

ಕಥೆ ತಿರುಗೋದು ದೊಡ್ಡ ಪ್ಯಾನೆಲ್ ಬಂದಾಗ. ಛಾವಣಿ ಮೇಲೆ ಹಾಕೋ 72 ಸೆಲ್ಲಿನ 330 ವ್ಯಾಟ್ ಪ್ಯಾನೆಲ್ ವಿಎಂಪಿ 37 ವೋಲ್ಟ್ ಮೇಲಿರುತ್ತೆ, ಕರೆಂಟ್ 8.8 ಆಂಪ್. ವ್ಯಾಟ್ ಲೆಕ್ಕದಲ್ಲಿ ಅಗ್ಗ ಅಂತ ಇದನ್ನೇ ತಂದು 12 ವೋಲ್ಟ್ ಬ್ಯಾಟರಿಗೆ ಪಿಡಬ್ಲ್ಯೂಎಂ ಮೂಲಕ ಜೋಡಿಸ್ತಾರೆ ನೋಡಿ, ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು ಅನ್ನೋ ಹಾಗಾಗುತ್ತೆ. 8.8 ಇಂಟು 13, ಬರೋದು 115 ವ್ಯಾಟ್. ಮೂರರಲ್ಲಿ ಎರಡು ಪಾಲು ಬ್ಯಾಟರಿ ಮುಖಾನೇ ನೋಡಲ್ಲ, ಪ್ಯಾನೆಲ್ ಒಳಗೇ ಬಿಸಿಯಾಗಿ ಹೋಗುತ್ತೆ. ಚಾರ್ಜ್ ಏನೋ ಆಗ್ತಿರುತ್ತೆ, ಲೈಟ್ ಮಿನುಗ್ತಿರುತ್ತೆ, ಅದಕ್ಕೇ ಎಷ್ಟೋ ಜನಕ್ಕೆ ಇದು ಗೊತ್ತೇ ಆಗಲ್ಲ. ಅದೇ ಪ್ಯಾನೆಲ್‌ಗೆ ಎಂಪಿಪಿಟಿ ಹಾಕಿದ್ರೆ ಒಳ್ಳೆ ಬಿಸಿಲಲ್ಲಿ ಬ್ಯಾಟರಿಗೆ 20 ಆಂಪ್ ದಾಟುತ್ತೆ. ಇಲ್ಲಿ ಚರ್ಚೆಯೇ ಬೇಡ.

ಇದಕ್ಕೆ ಅಂಟ್ಕೊಂಡಿರೋ ಇನ್ನೊಂದು ಕಾಟ ನಕಲಿ ಎಂಪಿಪಿಟಿ. ಮೇಲೆ ದೊಡ್ಡದಾಗಿ ಎಂಪಿಪಿಟಿ ಅಂತ ಪ್ರಿಂಟ್ ಮಾಡಿ ಒಳಗೆ ಪಿಡಬ್ಲ್ಯೂಎಂ ಇಟ್ಟು ಮಾರೋದು. ಕೈಗೆ ತಗೊಂಡ್ರೇ ಅನುಮಾನ ಬರುತ್ತೆ, ನಿಜವಾದ ಎಂಪಿಪಿಟಿ ಒಳಗೆ ದಪ್ಪ ತಾಮ್ರದ ತಂತಿ ಸುತ್ತಿರೋ ಇಂಡಕ್ಟರ್ ಬೇಕೇ ಬೇಕು, ಅದಿಲ್ಲದೆ ವೋಲ್ಟ್ ಇಳಿಸಿ ಆಂಪ್ ಏರಿಸೋ ಕೆಲಸ ಆಗಲ್ಲ, ಹಾಗಾಗಿ ಅದು ತೂಕ ಇರುತ್ತೆ, ಹಿಂದೆ ಬಿಸಿ ಹೊರಹಾಕೋ ಲೋಹದ ಹೀಟ್ ಸಿಂಕ್ ಇರುತ್ತೆ. 60 ಆಂಪ್ ಅಂತ ಬರೆದ್ಕೊಂಡು ಪ್ಲಾಸ್ಟಿಕ್ ಡಬ್ಬ ಅಂಗೈಯಲ್ಲಿ ಹಗುರಾಗಿ ಕೂತ್ರೆ ನಂಬ್ಬೇಡಿ. ಗಟ್ಟಿ ಪರೀಕ್ಷೆ ಬೇಕಂದ್ರೆ ಒಂದು ಮಾಮೂಲಿ ಮಲ್ಟಿಮೀಟರ್ ಸಾಕು. ಬ್ಯಾಟರಿ ಸ್ವಲ್ಪ ಖಾಲಿಯಾಗಿರೋವಾಗ, ಒಳ್ಳೆ ಬಿಸಿಲಲ್ಲಿ, ಚಾರ್ಜ್ ಆಗ್ತಿರೋವಾಗಲೇ ಮೀಟರ್ ಕಡ್ಡಿಗಳನ್ನ ಕಂಟ್ರೋಲರ್‌ನ ಪ್ಯಾನೆಲ್ ಟರ್ಮಿನಲ್‌ಗೆ ಹಿಡೀರಿ. 13.2 ಅಂತ ಬಂತು, ಪಕ್ಕದ ಬ್ಯಾಟರಿ ಟರ್ಮಿನಲ್‌ನಲ್ಲಿ 13.0 ಅಂತ ಬಂತು ಅಂದ್ರೆ ಅದು ಪಿಡಬ್ಲ್ಯೂಎಂ, ಡಬ್ಬದ ಮೇಲೆ ಏನಾದ್ರೂ ಬರ್ಕೊಂಡಿರ್ಲಿ. ಪ್ಯಾನೆಲ್ ಕಡೆ 16-17, ದೊಡ್ಡ ಪ್ಯಾನೆಲ್ ಆದ್ರೆ 30 ದಾಟಿ ತೋರಿಸಿದ್ರೆ ಅದು ಅಸಲಿ. ಡಿಸಿ ಅಳೆಯೋ ಕ್ಲಾಂಪ್ ಮೀಟರ್ ಇದ್ರೆ ಇನ್ನೂ ಚೆಂದ, ಅಸಲಿಯಲ್ಲಿ ಪ್ಯಾನೆಲ್ಲಿಂದ ಒಳಗೆ ಬರೋ ಆಂಪ್‌ಗಿಂತ ಬ್ಯಾಟರಿಗೆ ಹೋಗೋ ಆಂಪ್ ಎದ್ದು ಕಾಣೋಷ್ಟು ಜಾಸ್ತಿ ಇರುತ್ತೆ, ನಕಲಿಯಲ್ಲಿ ಎರಡೂ ಒಂದೇ.

ಎಂಪಿಪಿಟಿ ಅಂತ ಗಟ್ಟಿ ಮಾಡ್ಕೊಂಡ್ರೆ ಆಮೇಲೆ ಎರಡು ಸಂಖ್ಯೆ ನೋಡ್ಬೇಕು. ವಿಕ್ಟ್ರಾನ್ ಥರದ ಕಂಪನಿಗಳು ಹೆಸರಲ್ಲೇ ಹಾಕಿರ್ತಾರೆ, 100/30, 150/35 ಹೀಗೆ. ಮೊದಲನೇದು ಪ್ಯಾನೆಲ್ ಕಡೆಯಿಂದ ತಡ್ಕೊಳ್ಳೋ ಗರಿಷ್ಠ ವೋಲ್ಟೇಜ್, ಎರಡನೇದು ಬ್ಯಾಟರಿಗೆ ಕೊಡೋ ಗರಿಷ್ಠ ಆಂಪ್. ಈ ಎರಡರಲ್ಲಿ ಆಂಪ್ ಮೀರಿದ್ರೆ ಕ್ಷಮೆ ಇದೆ, ವೋಲ್ಟ್ ಮೀರಿದ್ರೆ ಇಲ್ಲ. 30 ಆಂಪ್ ಕಂಟ್ರೋಲರ್‌ಗೆ 12 ವೋಲ್ಟ್ ಬ್ಯಾಟರಿ ಇಟ್ಕೊಂಡು 500 ವ್ಯಾಟ್ ಪ್ಯಾನೆಲ್ ಹಾಕಿದ್ರೆ ಅದು 30 ಆಂಪಿಗೆ ನಿಲ್ಲಿಸ್ಕೊಳ್ಳುತ್ತೆ, ಮೇಲಿಂದು ಬಿಟ್ಟುಬಿಡುತ್ತೆ. ಮೋಡದ ದಿನಗಳೇ ಹೆಚ್ಚಿದ್ರೆ ಬೇಕಂತಲೇ ಹೀಗೆ ಪ್ಯಾನೆಲ್ ಜಾಸ್ತಿ ಹಾಕ್ತಾರೆ, ಆದ್ರೆ ಕೆಲವು ಮಾಡೆಲ್‌ಗಳಲ್ಲಿ ಪ್ಯಾನೆಲ್ ಕಡೆಯ ಐಎಸ್‌ಸಿಗೂ ಮಿತಿ ಇರುತ್ತೆ, ಮ್ಯಾನುಯಲ್ ನೋಡ್ಕೊಳ್ಳಿ. ಪಿಡಬ್ಲ್ಯೂಎಂಗೆ ಈ ಕ್ಷಮೆ ಇಲ್ಲ, ಪ್ಯಾನೆಲ್ ಕೊಟ್ಟ ಕರೆಂಟ್ ಎಲ್ಲ ಅದರ ಮೂಲಕವೇ ಹಾದುಹೋಗ್ಬೇಕು, ಹಾಗಾಗಿ ಐಎಸ್‌ಸಿಗಿಂತ ಕಾಲು ಭಾಗ ಹೆಚ್ಚಿನದೇ ತಗೋಬೇಕು.

ವೋಲ್ಟೇಜ್ ವಿಷಯದಲ್ಲಿ ಜನ ಎಡವೋದು ಚಳಿಯಲ್ಲಿ. ಬಿಸಿಗೆ ವೋಲ್ಟ್ ಇಳಿಯೋ ಹಾಗೇ ತಂಪಿಗೆ ಏರುತ್ತೆ. ವಿಓಸಿ 46 ಇರೋ ಎರಡು ಪ್ಯಾನೆಲ್ ಸೀರೀಸಲ್ಲಿ, ಅಂದ್ರೆ ವೋಲ್ಟ್ ಕೂಡೋ ಹಾಗೆ ಒಂದರ ಹಿಂದೆ ಒಂದು, ಹಾಕಿದ್ರೆ 92, ಕಂಟ್ರೋಲರ್ 100 ವೋಲ್ಟಿಂದು, ಸರಿಯಾಗೇ ಇದೆ ಅನ್ಸುತ್ತೆ. 25 ಡಿಗ್ರಿಯಿಂದ ಕೆಳಗೆ ಪ್ರತಿ ಡಿಗ್ರಿಗೆ ಶೇಕಡಾ 0.3 ಅಂತ ಸೇರಿಸ್ಕೊಳ್ತಾ ಬನ್ನಿ. ಸೊನ್ನೆ ಡಿಗ್ರಿಗೆ 99 ಹತ್ತಿರ ಹೋಯ್ತು. ಮೈನಸ್ 10 ಆದ್ರೆ 101 ದಾಟಿ ಆಯ್ತು. ಇದು ಆಗೋದೂ ಸರಿಯಾಗಿ ಸೂರ್ಯ ಹುಟ್ಟೋ ಹೊತ್ತಿಗೇ, ರಾತ್ರಿಯೆಲ್ಲ ತಣ್ಣಗಾದ ಪ್ಯಾನೆಲ್ ಇನ್ನೂ ಕಾದಿರಲ್ಲ, ಬೆಳಕು ಸ್ವಲ್ಪ ಬಿದ್ರೂ ಸಾಕು ವೋಲ್ಟೇಜ್ ಬಹುಪಾಲು ಬಂದುಬಿಡುತ್ತೆ, ಯಾಕಂದ್ರೆ ಬೆಳಕಿನ ಜೊತೆ ನೇರವಾಗಿ ಏರೋದು ಕರೆಂಟ್, ವೋಲ್ಟೇಜ್ ಅಲ್ಲ. ಇನ್ನು ಕಂಟ್ರೋಲರ್ ಕರೆಂಟ್ ಎಳೆಯೋಕೆ ಶುರು ಮಾಡೋ ಮುಂಚೆ ಅಲ್ಲಿರೋದು ಪೂರ್ತಿ ವಿಓಸಿನೇ. ಒಳಗಿನ ಮಾಸ್‌ಫೆಟ್ ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್ ಸುಟ್ಟು ಹೋಗೋಕೆ ಒಂದು ಕ್ಷಣ ಸಾಕು, ವಾರಂಟಿನೂ ಸಾಮಾನ್ಯವಾಗಿ ಸಿಗಲ್ಲ. ನಿಮ್ಮಲ್ಲಿ ಎಷ್ಟು ಚಳಿ ಬೀಳುತ್ತೋ ಅದಕ್ಕೆ ಲೆಕ್ಕ ಹಾಕಿ, ಹತ್ತಿರ ಹತ್ತಿರ ಬಂದ್ರೆ 150 ವೋಲ್ಟಿಂದು ತಗೊಳ್ಳಿ, ಇಲ್ಲಾ ಪ್ಯಾನೆಲ್‌ಗಳನ್ನ ಪ್ಯಾರಲಲ್ ಮಾಡಿ, ಆಗ ವೋಲ್ಟ್ ಕೂಡಲ್ಲ.

ಬ್ಯಾಟರಿ ಬ್ಯಾಂಕನ್ನೇ 24 ವೋಲ್ಟ್ ಮಾಡ್ಕೊಂಡ್ರೆ ಅದೇ 30 ಆಂಪ್ ಕಂಟ್ರೋಲರ್ ಎರಡರಷ್ಟು ವ್ಯಾಟ್ ತಗೊಳ್ಳುತ್ತೆ, 12 ವೋಲ್ಟಿಗೆ 400 ಇದ್ದಿದ್ದು 800 ಆಗುತ್ತೆ. ಅಷ್ಟೇ ವ್ಯಾಟ್ ಕಳಿಸೋದಾದ್ರೆ ಬ್ಯಾಟರಿ ಕಡೆಯ ಅದೇ ವೈರಲ್ಲಿ ಆಗೋ ನಷ್ಟವೂ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತೆ. ಸ್ವಲ್ಪ ದೊಡ್ಡ ಸಿಸ್ಟಮ್ ಯೋಚನೆ ಇದ್ದವರು ಕಂಟ್ರೋಲರ್ ಆರಿಸೋ ಮುಂಚೆ ಇದನ್ನ ಯೋಚಿಸೋದು ಒಳ್ಳೇದು, ಆಮೇಲೆ ಬದಲಾಯಿಸೋದು ತಲೆನೋವು.

ಆದ್ರೆ ಬ್ಯಾಟರಿ ಆಯಸ್ಸು ನಿಂತಿರೋದು ಇದ್ಯಾವುದರ ಮೇಲೂ ಅಲ್ಲ, ಸೆಟ್ಟಿಂಗ್ ಮೇಲೆ. ನೀರು ಹಾಕೋ ಲೆಡ್ ಆಸಿಡ್ 12 ವೋಲ್ಟ್ ಬ್ಯಾಟರಿ ತುಂಬೋಕೆ 14.4 ರಿಂದ 14.8 ಬೇಕು, ತುಂಬಿದ್ಮೇಲೆ ಫ್ಲೋಟ್ ಅಂತ 13.5 ಆಸುಪಾಸಲ್ಲಿ ಹಿಡಿದಿಡ್ಬೇಕು. ಜೆಲ್ ಬ್ಯಾಟರಿಗೆ 14.1-14.2 ದಾಟಿಸಬಾರದು. ಲಿಥಿಯಂ ಐರನ್ ಫಾಸ್ಫೇಟ್ ಆದ್ರೆ 14.2-14.4 ಸಾಕು, ಈಕ್ವಲೈಸ್ ಅಂತ, ಲೆಡ್ ಆಸಿಡ್ ಸೆಲ್‌ಗಳನ್ನ ಸಮ ಮಾಡೋಕೆ 15 ವೋಲ್ಟ್ ಮೇಲೆ ಹೋಗೋ ಸೆಟ್ಟಿಂಗ್ ಇದ್ರೆ ಅದನ್ನ ಕಡ್ಡಾಯವಾಗಿ ಆಫ್ ಮಾಡ್ಬೇಕು, ಸೊನ್ನೆ ಡಿಗ್ರಿ ಕೆಳಗೆ ಚಾರ್ಜೇ ಮಾಡಬಾರದು. ಲೆಡ್ ಆಸಿಡ್‌ಗೆ ಇನ್ನೊಂದು ಬೇಕು, ಬಿಸಿ ನೋಡ್ಕೊಂಡು ವೋಲ್ಟ್ ಹೊಂದಿಸೋ ಸೆನ್ಸರ್. ಬ್ಯಾಟರಿ 40 ಡಿಗ್ರಿ ಇದ್ರೆ 14.4 ಬದಲು 14 ಆಸುಪಾಸಲ್ಲೇ ನಿಲ್ಬೇಕು, ಇಲ್ಲಾಂದ್ರೆ ನೀರು ಕುದ್ದ ಹಾಗೆ ಗುಳ್ಳೆ ಬಂದು ಪ್ಲೇಟ್ ಒಣಗುತ್ತೆ. ಸೆನ್ಸರ್ ಕಂಟ್ರೋಲರ್ ಡಬ್ಬದೊಳಗೇ ಇದ್ದು ಬ್ಯಾಟರಿ ಬೇರೆ ಕೋಣೆಯಲ್ಲಿದ್ರೆ ಅದು ಅಳೆಯೋದು ತನ್ನದೇ ಬಿಸಿ, ಅದರಿಂದ ಉಪಯೋಗ ಇಲ್ಲ, ಉದ್ದ ವೈರಿನ ತುದಿಗೆ ಇದ್ದು ಬ್ಯಾಟರಿಗೆ ಅಂಟಿಸೋ ಥರದ್ದು ಬೇಕು. ಹೀಗಾಗಿ ನಾನಂತೂ ಈ ವೋಲ್ಟೇಜ್‌ಗಳನ್ನ ಕೈಯಾರೆ ಬದಲಾಯಿಸೋಕೆ ಬಿಡದ ಕಂಟ್ರೋಲರ್ ಎಷ್ಟೇ ಅಗ್ಗಕ್ಕೆ ಸಿಕ್ಕಿದ್ರೂ ಮುಟ್ಟಲ್ಲ. ಡಿಸ್ಪ್ಲೇಲಿ ತೋರಿಸೋ ಬ್ಯಾಟರಿ ಶೇಕಡಾವಾರು ಲೆಕ್ಕಕ್ಕೂ ಮರುಳಾಗ್ಬೇಡಿ, ಸಾಮಾನ್ಯವಾಗಿ ಅದು ಬರೀ ವೋಲ್ಟೇಜ್ ನೋಡಿ ಹೇಳೋ ಅಂದಾಜು, ಬಿಸಿಲಿದ್ದಾಗ ಅರ್ಧ ತುಂಬಿದ್ರೂ ನೂರು ಅನ್ನುತ್ತೆ.

ಕಂಟ್ರೋಲರ್ ಮೇಲೆ ಬಲ್ಬ್ ಚಿತ್ರ ಹಾಕಿರೋ ಲೋಡ್ ಟರ್ಮಿನಲ್ ಇರುತ್ತಲ್ಲ, ಅದು ಡಿಸಿ ಲೈಟು, ಸಣ್ಣ ಫ್ಯಾನಿಗೆ ಮಾತ್ರ. ಇನ್ವರ್ಟರ್ ಅಲ್ಲಿಗೆ ಹಾಕಿದ್ರೆ ಆನ್ ಆಗೋ ಹೊತ್ತಲ್ಲಿ ಎಳೆಯೋ ಕರೆಂಟಿಗೆ ಆ ಟರ್ಮಿನಲ್ ಸುಟ್ಟು ಹೋಗಬಹುದು, ಇನ್ವರ್ಟರ್ ನೇರ ಬ್ಯಾಟರಿಗೇ, ಫ್ಯೂಸ್ ಜೊತೆ. ಕಂಟ್ರೋಲರ್‌ಗೂ ಬ್ಯಾಟರಿಗೂ ನಡುವೆ ಒಂದು ಫ್ಯೂಸ್ ಇರ್ಲಿ, ಅದು ಬ್ಯಾಟರಿ ಪ್ಲಸ್‌ಗೆ ಎಷ್ಟು ಹತ್ತಿರ ಆದ್ರೆ ಅಷ್ಟು ಒಳ್ಳೇದು. ಜೋಡಿಸೋವಾಗ ಮೊದಲು ಬ್ಯಾಟರಿ, ಕಂಟ್ರೋಲರ್ ಅದನ್ನ ನೋಡಿ 12ಆ 24ಆ ಅಂತ ತಿಳ್ಕೊಂಡ ಮೇಲೆ ಪ್ಯಾನೆಲ್. ಬಿಚ್ಚೋವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಲಿಥಿಯಂ ಬ್ಯಾಟರಿಯ ಬಿಎಂಎಸ್, ಅಂದ್ರೆ ಒಳಗಿನ ರಕ್ಷಣಾ ಸರ್ಕ್ಯೂಟ್, ಬಿಸಿಲಲ್ಲಿ ಟ್ರಿಪ್ ಆಗಿ ಬ್ಯಾಟರಿ ಕಡಿದ್ರೂ ಬ್ಯಾಟರಿ ಮೊದಲು ಬಿಚ್ಚಿದ ಹಾಗೇ, ಪ್ಯಾನೆಲ್ ಇನ್ನೂ ತಳ್ತಾ ಇರುತ್ತೆ ಎದುರಲ್ಲಿ ಬ್ಯಾಟರಿ ಇರಲ್ಲ, ಅದಕ್ಕೇ ಕಂಟ್ರೋಲರ್ ವೋಲ್ಟೇಜನ್ನ ಬಿಎಂಎಸ್ ಕಟ್ ಆಫ್‌ಗಿಂತ ಸ್ವಲ್ಪ ಕೆಳಗೇ ಇಡೋದು.