‘ಗೆಟ್ಸ್’ ಕೈಬಿಡಲು ಸಿ ಭಾಷೆಗೆ ಹಿಡಿದ ಕಾಲ

ಲಿನಕ್ಸ್‌ನಲ್ಲಿ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ‘ಗೆಟ್ಸ್’ (gets) ಫಂಕ್ಷನ್ನಿನ, ಅಂದರೆ ಸಿದ್ಧ ಕೋಡ್ ತುಣುಕಿನ, ಕೈಪಿಡಿ ಪುಟ ತೆರೆದರೆ, ಅದು ಏನು ಮಾಡುತ್ತದೆ ಎಂಬುದಕ್ಕಿಂತ ಮೊದಲು ಅದನ್ನು ಎಂದಿಗೂ ಬಳಸಬೇಡಿ ಎಂಬ ಮಾತು ಎದುರಾಗುತ್ತದೆ. ಕೈಪಿಡಿ ಇಷ್ಟು ನಿಷ್ಠುರವಾಗಿ ಹೇಳುವ ಈ ಮಾತನ್ನು ಸಿ ಭಾಷೆಯ ಅಧಿಕೃತ ಮಾನಕ (ಭಾಷೆಯ ನಿಯಮಗಳನ್ನು ನಿಗದಿಪಡಿಸುವ ದಾಖಲೆ) ಮಾತ್ರ ಬಹುಕಾಲ ಹೇಳಲಿಲ್ಲ.

ಬರುವ ಒಂದು ಸಾಲನ್ನು ಓದಿ, ನಾವು ಮೆಮೊರಿಯಲ್ಲಿ ತೆಗೆದಿಟ್ಟು ಕೊಟ್ಟ ಜಾಗಕ್ಕೆ, ಅಂದರೆ ಬಫರ್‌ಗೆ ತುಂಬುವುದು ಗೆಟ್ಸ್‌ನ ಕೆಲಸ. ಬಫರ್ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಅದಕ್ಕೆ ತಿಳಿಸುತ್ತೇವೆ. ಅದು ಎಷ್ಟು ದೊಡ್ಡದೆಂದು ತಿಳಿಸಲು ದಾರಿಯೇ ಇಲ್ಲ. ಹತ್ತು ಅಕ್ಷರಗಳ ಜಾಗಕ್ಕೆ ನೂರು ಅಕ್ಷರ ಬಂದರೆ, ಸೇರಿನ ಪಾತ್ರೆಗೆ ಕೊಳಗ ಸುರಿದಂತೆ, ಮಿಕ್ಕಿದ್ದು ಪಕ್ಕದ ಮೆಮೊರಿಯ ಮೇಲೆ ಹರಿಯುತ್ತದೆ. ಫಂಕ್ಷನ್ ಮುಗಿದ ಮೇಲೆ ಎಲ್ಲಿಗೆ ಮರಳಬೇಕೆಂಬ ವಿಳಾಸ ಅಲ್ಲಿದ್ದರೆ, ಅದರ ಮೇಲೆ ಬೇರೆಯವರು ತಮಗೆ ಬೇಕಾದ ವಿಳಾಸವನ್ನು ಬರೆದುಬಿಡಬಹುದು.

1988ರ ನವೆಂಬರ್ 2ರಂದು ಅಮೆರಿಕದ ಇಂಟರ್‌ನೆಟ್‌ನಲ್ಲಿ ಹರಡಿದ ಮಾರಿಸ್ ವರ್ಮ್ (ತಾನಾಗಿಯೇ ಗಣಕದಿಂದ ಗಣಕಕ್ಕೆ ಹರಡುವ ಪ್ರೋಗ್ರಾಮ್) ಬಳಸಿದ ದಾರಿಗಳಲ್ಲಿ ಇದೂ ಒಂದು. ಯೂನಿಕ್ಸ್‌ನ ಫಿಂಗರ್ ಸೇವೆ (ಗಣಕದ ಬಳಕೆದಾರರ ಮಾಹಿತಿ ಕೊಡುವಂಥದ್ದು) 512 ಬೈಟ್‌ಗಳ ಬಫರ್‌ಗೆ ಗೆಟ್ಸ್ ಮೂಲಕ ಸಾಲನ್ನು ಓದುತ್ತಿತ್ತು. ವರ್ಮ್ ಅದಕ್ಕೆ 536 ಬೈಟ್‌ಗಳನ್ನು ಕಳುಹಿಸಿತು. ಹೆಚ್ಚಾಗಿದ್ದ ಆ 24 ಬೈಟ್‌ಗಳೇ ವ್ಯಾಕ್ಸ್ ಗಣಕಗಳೊಳಗೆ ನುಗ್ಗಲು ಸಾಕಾದವು.

ಇದಾಗಿ ಒಂದು ವರ್ಷದ ಮೇಲೆ, 1989ರ ಡಿಸೆಂಬರ್‌ನಲ್ಲಿ, ಸಿ ಭಾಷೆಯ ಮೊದಲ ಅಮೆರಿಕನ್ ಮಾನಕ ಅಂಗೀಕಾರವಾಯಿತು. ಗೆಟ್ಸ್ ಅದರಲ್ಲಿ ಇತ್ತು. ಮಾನಕ ರೂಪಿಸುವ ಸಮಿತಿಗೆ ಅಪಾಯ ತಿಳಿದಿರಲಿಲ್ಲವೆಂದಲ್ಲ. 1999ರ ಮಾನಕದ ಜೊತೆಗಿನ ಸಮರ್ಥನಾ ಟಿಪ್ಪಣಿ, ಗೆಟ್ಸ್ ಸಾಮಾನ್ಯವಾಗಿ ಅಸುರಕ್ಷಿತವೆಂದು ಒಪ್ಪಿಕೊಳ್ಳುತ್ತಲೇ, ಒಳಬರುವ ಮಾಹಿತಿಯ ಮೇಲೆ ಪ್ರೋಗ್ರಾಮರ್‌ಗೆ ಹಿಡಿತವಿರುವ ಕಡೆ ಅದು ಅನುಕೂಲಕರವೆಂದೂ, ಬಹುಕಾಲದಿಂದ ರೂಢಿಯಲ್ಲಿರುವುದರಿಂದ ಅದಕ್ಕೊಂದು ನಿರೂಪಣೆ ಬೇಕೆಂದೂ ವಾದಿಸಿತು. ಹಳೆಯ ಕೋಡ್ ಮುರಿಯಬಾರದೆಂಬ ಕಾಳಜಿ ನ್ಯಾಯವಾದದ್ದೇ. ಆದರೆ ಎಚ್ಚರಿಕೆಯನ್ನು ಕೆಲವರಷ್ಟೇ ಓದುವ ಟಿಪ್ಪಣಿಯಲ್ಲಿಟ್ಟು, ಎಲ್ಲರೂ ನೆಚ್ಚುವ ಮಾನಕದ ವಿವರಣೆಯನ್ನು ನಿರ್ಲಿಪ್ತವಾಗಿ ಬಿಟ್ಟದ್ದು ಸರಿಯೆಂದು ನನಗೆ ಅನ್ನಿಸುವುದಿಲ್ಲ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಟರ್ಬೋ ಸಿ ಲ್ಯಾಬ್‌ಗಳಲ್ಲಿ ಅದರ ಫಲ ಕಾಣುತ್ತಿತ್ತು. ಖಾಲಿ ಜಾಗವಿರುವ ಹೆಸರನ್ನು ‘ಸ್ಕ್ಯಾನ್ಎಫ್’ ಎಂಬ ಇನ್ನೊಂದು ಫಂಕ್ಷನ್ ಅರ್ಧಕ್ಕೇ ಓದಿ ನಿಲ್ಲಿಸಿದಾಗ, ಸುಲಭ ಪರಿಹಾರವಾಗಿ ವಿದ್ಯಾರ್ಥಿ ಬರೆದುಕೊಳ್ಳುತ್ತಿದ್ದದ್ದು ಗೆಟ್ಸ್ ಅನ್ನೇ. ಅದೇ ಪ್ರೋಗ್ರಾಮನ್ನು ಲಿನಕ್ಸ್‌ನಲ್ಲಿ ಜಿಸಿಸಿ ಎಂಬ ಕಂಪೈಲರಿಗೆ (ಕೋಡನ್ನು ಗಣಕದ ಭಾಷೆಗೆ ತಿರುಗಿಸುವ ಪ್ರೋಗ್ರಾಮಿಗೆ) ಕೊಟ್ಟರೆ ಮಾತ್ರ, ಇದು ಅಪಾಯಕಾರಿ, ಬಳಸಬಾರದು ಎಂದು, ತಿರುಗಿಸಿದ ತುಣುಕುಗಳನ್ನು ಜೋಡಿಸುವ ಲಿಂಕರ್ ಗದರುತ್ತಿತ್ತು.

ಕೈಪಿಡಿಯ ಮಾತನ್ನು ಕಂಪೈಲರಿಗೂ ಕೇಳಿಸುವ ಕ್ರಮವನ್ನು ಜಾವಾ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ ಬೇಗನೆ ರೂಢಿಸಿಕೊಂಡಿತು. ಫಂಕ್ಷನ್ನಿನ ದಾಖಲೆ ಟಿಪ್ಪಣಿಯಲ್ಲೇ ‘ಡೆಪ್ರಿಕೇಟೆಡ್’ (ಇನ್ನು ಬಳಸುವುದು ಬೇಡ) ಎಂಬ ಗುರುತು ಹಾಕಿ, ಬದಲಿಗೆ ಏನು ಬಳಸಬೇಕೆಂದು ಬರೆಯುವ ಪದ್ಧತಿ 1997ರ 1.1 ಆವೃತ್ತಿಯಲ್ಲಿ ಬಂದಿತು; ಆ ಗುರುತನ್ನು ನೋಡಿ ಕಂಪೈಲರೇ ಎಚ್ಚರಿಸುತ್ತಿತ್ತು. ಅಲ್ಲಿಯೂ ಗೊಂದಲ ಉಳಿಯಿತು: ಗುರುತು ಬಿದ್ದದ್ದು ನಾಳೆ ಹೋಗುತ್ತದೆಯೋ, ಹಾಗೆಯೇ ಇರುತ್ತದೆಯೋ ಎಂಬುದು ತಿಳಿಯುತ್ತಿರಲಿಲ್ಲ. ಎಂದಿನಿಂದ ಬೇಡವಾಯಿತು, ನಿಜವಾಗಿ ತೆಗೆದುಹಾಕುವ ಉದ್ದೇಶವಿದೆಯೇ ಎಂಬುದನ್ನು ಗುರುತಿನಲ್ಲೇ ನಮೂದಿಸಲು ಅವಕಾಶ ಸಿಕ್ಕಿದ್ದು 2017ರ ಜಾವಾ 9ರಲ್ಲಿ.

ಸಿ ಭಾಷೆಯಲ್ಲಿ 2007ರ ತಿದ್ದುಪಡಿ ಗೆಟ್ಸ್‌ಗೆ ಡೆಪ್ರಿಕೇಟೆಡ್ ಎಂಬ ಮುದ್ರೆಯೊತ್ತಿತು. 2011ರ ಮಾನಕ ಅದನ್ನು ತೆಗೆದೇ ಹಾಕಿತು. ಬದಲಿಯಾದ ‘ಎಫ್‌ಗೆಟ್ಸ್’ ಬಫರ್‌ನ ಅಳತೆಯನ್ನು ಕೇಳಿ ಪಡೆಯುತ್ತದೆ, ಆದರೆ ಸಾಲಿನ ಕೊನೆಯ ಗುರುತನ್ನೂ ಬಫರ್‌ನಲ್ಲೇ ಉಳಿಸುತ್ತದೆ. ಕೋಡಿನಲ್ಲಿ ಬರೀ ಫಂಕ್ಷನ್ನಿನ ಹೆಸರು ಬದಲಿಸಿದವರ ಪಠ್ಯ ಹೋಲಿಕೆಗಳು ತಪ್ಪುವುದು ಇಲ್ಲಿಯೇ. ಒಳ್ಳೆಯ ಕೈಪಿಡಿ ಈ ವ್ಯತ್ಯಾಸವನ್ನೂ ಹೇಳಬೇಕು.

ಹಿಂದೆಂದೋ ಕಂಪೈಲ್ ಆದ ಪ್ರೋಗ್ರಾಮುಗಳು ನಡೆಯಬೇಕಾದ್ದರಿಂದ ಸಿ ಫಂಕ್ಷನ್ನುಗಳನ್ನು ಒದಗಿಸುವ ಗ್ನೂ ಸಿ ಲೈಬ್ರರಿಯೊಳಗೆ ಗೆಟ್ಸ್ ಇನ್ನೂ ಇದೆ. ಬಳಸಬೇಡಿ ಎನ್ನುವ ಆ ಪುಟವೂ ಅದರ ಜೊತೆಗೇ ಉಳಿದಿದೆ.