ಮಹಡಿ ರೂಮಿನಲ್ಲಿ ಕ್ಲಾಸ್ ನಿಂತುಹೋಗುತ್ತೆ: ಪ್ಲಾನ್ ಏರಿಸಬೇಕಾ, ರೂಟರ್ ಬದಲಿಸಬೇಕಾ?

ಪ್ರಶ್ನೆ: ನಮ್ಮದು ಮಹಡಿ ಮನೆ. ಕೆಳಗಡೆ ಹಾಲ್‌ನಲ್ಲಿ ಟಿವಿ ಪಕ್ಕ ರೂಟರ್ ಇದೆ. ಫೈಬರ್ ಕನೆಕ್ಷನ್, 100 ಎಂಬಿಪಿಎಸ್ ಪ್ಲಾನ್. ಹಾಲ್‌ನಲ್ಲಿ ಪರವಾಗಿಲ್ಲ. ಮೇಲಿನ ರೂಮಿನಲ್ಲಿ ಟೆಸ್ಟ್ ಮಾಡಿದರೆ 8 ತೋರಿಸುತ್ತದೆ, ಮಗಳ ಆನ್‌ಲೈನ್ ಕ್ಲಾಸ್ ಪದೇ ಪದೇ ನಿಂತುಹೋಗುತ್ತದೆ. ರಾತ್ರಿಯಂತೂ ಕೇಳುವುದೇ ಬೇಡ. ಕಂಪನಿಗೆ ಫೋನ್ ಮಾಡಿದರೆ ‘ಲೈನ್ ಸರಿಯಾಗೇ ಇದೆ ಸರ್’ ಅಂತಾರೆ. 200ರ ಪ್ಲಾನ್‌ಗೆ ಹೋಗಬೇಕಾ, ಹೊಸ ರೂಟರ್ ತಗೋಬೇಕಾ?

ಉತ್ತರ: ಸದ್ಯಕ್ಕೆ ಎರಡೂ ಬೇಡ.

ನೀವೇ ಕೊಟ್ಟಿರುವ ಲೆಕ್ಕ ನೋಡಿ. ವಿಡಿಯೊ ಕ್ಲಾಸ್ ಚೆನ್ನಾಗಿ ನಡೆಯಲು 3-4 ಎಂಬಿಪಿಎಸ್ ಸಾಕು. ಮೇಲಿನ ರೂಮಿನಲ್ಲಿ 8 ಸಿಗುತ್ತಿದೆ. ಬೇಕಾದದ್ದಕ್ಕಿಂತ ಜಾಸ್ತಿಯೇ ಇದೆ, ಆದರೂ ಕ್ಲಾಸ್ ನಿಲ್ಲುತ್ತಿದೆ. ಅಂದರೆ ಡೇಟಾ ಒಂದೇ ಸಮನೆ ಬರುತ್ತಿಲ್ಲ, ನಡುನಡುವೆ ತಡವರಿಸುತ್ತಿದೆ. ಸಿನಿಮಾ ನೋಡುವಾಗ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಯಾಕೆಂದರೆ ಮುಂದಿನ ಒಂದಷ್ಟು ಭಾಗವನ್ನು ಆ್ಯಪ್ ಮೊದಲೇ ಇಳಿಸಿಟ್ಟುಕೊಂಡಿರುತ್ತದೆ. ಟೀಚರ್ ಇನ್ನೂ ಆಡದ ಮಾತನ್ನು ಮೊದಲೇ ಇಳಿಸಿಟ್ಟುಕೊಳ್ಳಲು ಆಗಲ್ಲ ಅಲ್ವಾ? ಅರ್ಧ ಸೆಕೆಂಡ್ ತಡವಾದರೂ ಮಾತು ತುಂಡಾಗುತ್ತದೆ.

200ರ ಪ್ಲಾನ್ ಹಾಕಿಸಿದರೆ ಬದಲಾಗುವುದು ಬೀದಿಯಿಂದ ನಿಮ್ಮ ಹಾಲ್‌ವರೆಗಿನ ಲೈನ್ ಮಾತ್ರ. ಹಾಲ್‌ನಿಂದ ಮಹಡಿಗೆ ಗಾಳಿಯಲ್ಲಿ ಹೋಗುವ ದಾರಿ ಹೇಗಿತ್ತೋ ಹಾಗೇ ಇರುತ್ತದೆ. ಹಾಗಾಗಿ ಮೊದಲು ಪತ್ತೆ ಮಾಡಬೇಕಾದದ್ದು ಒಂದೇ: ತೊಂದರೆ ರೂಟರ್‌ನಿಂದ ಈಚೆಗೋ, ಆಚೆಗೋ?

ಇದಕ್ಕೆ ಸ್ಪೀಡ್ ಟೆಸ್ಟ್‌ಗಿಂತ ಒಳ್ಳೆಯ ಸಾಕ್ಷಿ ಪಿಂಗ್. ಮೇಲಿನ ರೂಮಿನಲ್ಲಿ ಲ್ಯಾಪ್‌ಟಾಪ್ ತೆರೆಯಿರಿ. ವಿಂಡೋಸ್ ಆದರೆ ಕಮಾಂಡ್ ಪ್ರಾಂಪ್ಟ್‌ಗೆ ಹೋಗಿ, ಇಂಗ್ಲಿಷ್ ಅಕ್ಷರಗಳಲ್ಲಿ ಪಿಂಗ್ (ping) ಎಂದು ಟೈಪ್ ಮಾಡಿ. ಒಂದು ಸ್ಪೇಸ್ ಬಿಟ್ಟು ನಿಮ್ಮ ರೂಟರ್‌ನ ವಿಳಾಸ, ಮತ್ತೊಂದು ಸ್ಪೇಸ್, ಆಮೇಲೆ ಅಡ್ಡಗೆರೆ ಮತ್ತು ಟಿ (-t). ಎಂಟರ್ ಒತ್ತಿ. ವಿಳಾಸ 192.168.1.1 ಅಥವಾ 192.168.0.1 ಥರ ಇರುತ್ತದೆ, ರೂಟರ್ ತಳದ ಸ್ಟಿಕರ್‌ನಲ್ಲಿ ಅಚ್ಚಾಗಿರುತ್ತದೆ. ಈಗ ಸೆಕೆಂಡಿಗೊಂದರಂತೆ ಸಾಲುಗಳು ಬರತೊಡಗುತ್ತವೆ. ರೂಟರ್‌ಗೆ ಹೋಗಿ ವಾಪಸ್ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಪ್ರತಿ ಸಾಲೂ ಹೇಳುತ್ತದೆ. ಇನ್ನೊಂದು ವಿಂಡೋ ತೆರೆದು ಅದರಲ್ಲಿ ಇದೇ ರೀತಿ 8.8.8.8 ಹಾಕಿ. ಅದು ಗೂಗಲ್‌ನ ಸರ್ವರ್, ಮನೆಯ ಆಚೆಗಿನದು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು, ಕ್ಲಾಸ್ ಶುರುವಾದ ಮೇಲೆ ಹತ್ತು ನಿಮಿಷ ಸುಮ್ನೆ ನೋಡುತ್ತಾ ಕೂತರೆ ಸಾಕು. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ.

ರೂಟರ್‌ನ ಸಾಲುಗಳಲ್ಲಿ 2, 3, 2, 5 ಎಂದು ಬರುತ್ತಿದ್ದರೆ ವೈಫೈ ಆರೋಗ್ಯವಾಗಿದೆ. 4, 6, 180, 412, ಆಮೇಲೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದು ಬಂದರೆ ಕಂಪನಿಯವರ ಮೇಲೆ ರೇಗಿ ಪ್ರಯೋಜನವಿಲ್ಲ. ಮನೆಯೊಳಗಿನ ರೂಟರ್‌ವರೆಗೆ ಹೋಗಿ ಬರಲಿಕ್ಕೇ ಲ್ಯಾಪ್‌ಟಾಪ್ ಒದ್ದಾಡುತ್ತಿದೆ. ರೂಟರ್ ಸಾಲು ನೆಟ್ಟಗಿದ್ದು 8.8.8.8 ಮಾತ್ರ ಕುಣಿಯುತ್ತಿದ್ದರೆ ತೊಂದರೆ ಆಚೆಗಿದೆ. ನೀವು ಹೇಳಿದ ಲಕ್ಷಣ ನೋಡಿದರೆ ಮನೆಯೊಳಗಿನ ವೈಫೈ ತೊಂದರೆಯೇ ಇರಬೇಕು, ಹಾಲ್‌ನಲ್ಲಿ ಪರವಾಗಿಲ್ಲ ಅಂದಿದ್ದೀರಲ್ಲ.

ಖಾತ್ರಿಗೆ ಇನ್ನೊಂದು ಕೆಲಸ. ಲ್ಯಾಪ್‌ಟಾಪನ್ನು ಕೆಳಗೆ ತಂದು ಲ್ಯಾನ್ ಕೇಬಲ್‌ನಲ್ಲಿ ರೂಟರ್‌ಗೆ ಸಿಕ್ಕಿಸಿ, ವೈಫೈ ಆಫ್ ಮಾಡಿ, ಸ್ಪೀಡ್ ಟೆಸ್ಟ್ ಓಡಿಸಿ. 90ರಿಂದ 95 ಬಂದರೆ ಲೈನ್ ಸರಿಯಾಗಿದೆ. ಪೂರ್ತಿ 100 ಬರಲಿಲ್ಲ ಎಂದು ತಕರಾರು ತೆಗೆಯಬೇಡಿ. ಸುಮಾರು ರೂಟರ್‌ಗಳ ಲ್ಯಾನ್ ಪೋರ್ಟ್ 100ರದ್ದೇ ಇರುತ್ತದೆ, ಅದರಲ್ಲಿ ಕೈಗೆ ಸಿಗುವುದು 94ರ ಆಸುಪಾಸು. ದೊಡ್ಡ ಪ್ಲಾನ್ ಹಾಕಿಸಿದ ಎಷ್ಟೋ ಜನ ಆಮೇಲೂ 94ಕ್ಕೇ ನಿಂತಿದೆ ಎಂದು ಗೋಳಾಡುವುದು ಇದೇ ಕಾರಣಕ್ಕೆ. ಒಮ್ಮೊಮ್ಮೆ ಪೋರ್ಟ್ 1000 ಎಂಬಿಪಿಎಸ್‌ನ, ಅಂದರೆ ಗಿಗಾಬಿಟ್‌ನದೇ ಆಗಿದ್ದರೂ ಕೇಬಲ್ ಕೈಕೊಡುತ್ತದೆ. ಒಳಗಿರುವ ಎಂಟು ತಂತಿಗಳಲ್ಲಿ ಒಂದು ತುಂಡಾದರೂ ಲಿಂಕ್ 100ಕ್ಕೆ ಇಳಿದುಬಿಡಬಹುದು. ಅಂದಹಾಗೆ, ಡೌನ್‌ಲೋಡ್ ಮಾಡುವಾಗ ಸೆಕೆಂಡಿಗೆ 12 ಎಂಬಿ ಎಂದು ಕಂಡರೆ ಗಾಬರಿ ಬೇಡ. ಪ್ಲಾನ್ ಲೆಕ್ಕ ಬಿಟ್‌ಗಳಲ್ಲಿ, ಫೈಲ್ ಲೆಕ್ಕ ಬೈಟ್‌ಗಳಲ್ಲಿ. 100ನ್ನು 8ರಿಂದ ಭಾಗಿಸಿದರೆ 12.5, ಅಷ್ಟೇ.

ಈಗ ಮನೆಯೊಳಗೆ ಬರೋಣ. ಟಿವಿ ಪಕ್ಕ ಅಂದಿರಿ. ನಮ್ಮ ಮನೆಗಳಲ್ಲಿ ರೂಟರ್ ಕೂರುವುದು ಅಲ್ಲೇ: ಟಿವಿ ಶೋಕೇಸ್‌ನ ಕೆಳಗಿನ ಗೂಡಿನಲ್ಲಿ, ಸೆಟ್‌ಟಾಪ್ ಬಾಕ್ಸ್ ಹಿಂದೆ, ಮುಂದೊಂದು ಫೋಟೊ ಫ್ರೇಮು. ಫೈಬರ್ ಎಳೆದವರು ಕಿಟಕಿ ಹತ್ತಿರ ತೂತು ಕೊರೆದು, ಪ್ಲಗ್ ಪಾಯಿಂಟ್ ಸಿಕ್ಕ ಕಡೆ ಬಾಕ್ಸ್ ಇಟ್ಟು ಹೋಗಿರುತ್ತಾರೆ. ಸಿಗ್ನಲ್ ಎಲ್ಲಿಗೆ ಹೋಗಬೇಕು ಎಂದು ಆಗ ಯಾರೂ ಯೋಚಿಸಿರುವುದಿಲ್ಲ. ಟಿವಿಯ ಹಿಂಭಾಗದ ಲೋಹ, ಸ್ಟೀಲ್ ಬೀರು, ದೊಡ್ಡ ಕನ್ನಡಿ, ನೀರಿನ ಟ್ಯಾಂಕ್, ಎಲ್ಲವೂ ಸಿಗ್ನಲ್‌ಗೆ ಅಡ್ಡವೇ. ಎಲ್ಲಕ್ಕಿಂತ ದೊಡ್ಡ ಅಡ್ಡಿ ನಿಮ್ಮ ತಾರಸಿ. ಆರ್‌ಸಿಸಿ ಅಂದರೆ ಕಾಂಕ್ರೀಟಿನ ಜೊತೆಗೆ ಕಬ್ಬಿಣದ ಕಂಬಿಗಳ ಬಲೆಯೂ ಹೌದು. ಕರಾವಳಿಯ ಕೆಂಪುಕಲ್ಲಿನ ಗೋಡೆ, ಹಳೇ ಮನೆಗಳ ಮೊಳದಗಲದ ಮಣ್ಣಿನ ಗೋಡೆ ಇರುವವರಿಗೆ ಮಹಡಿಯೇ ಬೇಕಿಲ್ಲ, ಪಕ್ಕದ ಕೋಣೆಯಲ್ಲೇ ಈ ಕಷ್ಟ ಶುರುವಾಗುತ್ತದೆ.

ತಾರಸಿಯಲ್ಲಿ ಒಂದು ದೊಡ್ಡ ತೂತು ಮಾತ್ರ ಇದ್ದೇ ಇರುತ್ತದೆ: ಮೆಟ್ಟಿಲು ಹತ್ತುವ ಜಾಗ. ರೂಟರನ್ನು ಟಿವಿ ಗೂಡಿನಿಂದ ತೆಗೆದು, ಮೆಟ್ಟಿಲಿಗೆ ಹತ್ತಿರವಾಗಿ, ತಲೆ ಎತ್ತರದಲ್ಲಿ ಗೋಡೆಗೆ ಹಾಕಿಸಿ. ಇದಕ್ಕಿಂತ ಅಗ್ಗದ ರಿಪೇರಿ ನನಗೆ ಗೊತ್ತಿಲ್ಲ. ಹೊರಗೆ ಆಂಟೆನಾ ಇದ್ದರೆ ಎಲ್ಲವನ್ನೂ ನೆಟ್ಟಗೆ ನಿಲ್ಲಿಸಬೇಡಿ. ನೆಟ್ಟಗಿರುವ ಆಂಟೆನಾದ ಸಿಗ್ನಲ್ ಸುತ್ತಲೂ ಅಡ್ಡಕ್ಕೆ ಹರಡುತ್ತದೆ, ತಲೆಯ ಮೇಲಕ್ಕೆ ಹೋಗುವುದು ಕಡಿಮೆ. ಒಂದನ್ನು ಅಡ್ಡ ಮಲಗಿಸಿದರೆ ಮಹಡಿಗೆ ಅನುಕೂಲ. ಆದರೆ ಫೈಬರ್ ಬಂದು ಸೇರುವ ಬಾಕ್ಸನ್ನು ನೀವೇ ಕಿತ್ತು ಸರಿಸಲು ಹೋಗಬೇಡಿ. ಒಳಗಿರುವುದು ಗಾಜಿನ ಎಳೆ, ಜೋರಾಗಿ ಮಡಚಿದರೆ ಬೆಳಕು ಸೋರಿಹೋಗುತ್ತದೆ. ಬಾಕ್ಸ್ ಮತ್ತು ರೂಟರ್ ಬೇರೆ ಬೇರೆ ಇದ್ದರೆ ಬಾಕ್ಸ್ ಅಲ್ಲೇ ಇರಲಿ, ಲ್ಯಾನ್ ಕೇಬಲ್ ಎಳೆದು ರೂಟರ್ ಮಾತ್ರ ಸರಿಸಿ. ಎರಡೂ ಒಂದೇ ಡಬ್ಬಿಯಲ್ಲಿದ್ದರೆ ಲೈನ್‌ಮನ್‌ನನ್ನೇ ಕರೆಸಿ.

ಇನ್ನು ವೈಫೈ ಸಾಮಾನ್ಯವಾಗಿ ಬಳಸುವ ಎರಡು ರೇಡಿಯೊ ಪಟ್ಟಿ, 2.4 ಮತ್ತು 5 ಗಿಗಾಹರ್ಟ್ಸ್ ವಿಚಾರ. 5 ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. 2.4 ದೂರ ಹೋಗುತ್ತದೆ, ಆದರೆ ಅಲ್ಲಿ ಜನಜಂಗುಳಿ. ನಿಮ್ಮ ಮನೆ, ಪಕ್ಕದ ಮನೆ, ಬ್ಲೂಟೂತ್, ಅಡುಗೆಮನೆಯ ಮೈಕ್ರೋವೇವ್ ಓವನ್, ಎಲ್ಲವೂ ಅಲ್ಲೇ. ವೈಫೈ ಊರ ಕಟ್ಟೆಯ ಪಂಚಾಯ್ತಿ ಇದ್ದ ಹಾಗೆ. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು, ನಿಧಾನಕ್ಕೆ ಎಳೆದೆಳೆದು ಮಾತಾಡುವ ಒಬ್ಬರಿದ್ದರೆ ಎಲ್ಲರ ಸಮಯವೂ ಹೋಗುತ್ತದೆ. ಮೂಲೆ ರೂಮಿನಲ್ಲಿ ಒಂದೇ ಕಡ್ಡಿ ಸಿಗ್ನಲ್‌ನಲ್ಲಿ ವಿಡಿಯೊ ನೋಡುತ್ತಿರುವ ಹಳೇ ಫೋನು ಹಾಲ್‌ನಲ್ಲಿರುವ ಹೊಸ ಫೋನಿನ ಪಾಲನ್ನೂ ತಿನ್ನುತ್ತದೆ. ಪ್ರತಿ ಪಟ್ಟಿಯಲ್ಲೂ ಚಾನೆಲ್ ಎಂಬ ಸಣ್ಣ ಭಾಗಗಳಿರುತ್ತವೆ. ಪಕ್ಕದ ಮನೆಯವರು ನಿಮ್ಮ ಚಾನೆಲ್‌ನಲ್ಲೇ ಇದ್ದರೆ ಅವರೂ ಇದೇ ಸರದಿಯಲ್ಲಿ ನಿಲ್ಲುತ್ತಾರೆ. ರಾತ್ರಿ ಎಲ್ಲರೂ ಮನೆ ಸೇರಿದ ಮೇಲೆ ಹದಗೆಡುವುದಕ್ಕೆ ಇದೂ ಒಂದು ಕಾರಣ.

ಆ್ಯಂಡ್ರಾಯ್ಡ್ ಫೋನಿನಲ್ಲಿ ವೈಫೈ ಹೆಸರಿನ ಪಕ್ಕದ ಸೆಟ್ಟಿಂಗ್ ಒತ್ತಿದರೆ ಯಾವ ಗಿಗಾಹರ್ಟ್ಸ್, ಲಿಂಕ್ ಸ್ಪೀಡ್ ಎಷ್ಟು ಎಂದು ಸಾಮಾನ್ಯವಾಗಿ ತೋರಿಸುತ್ತದೆ. 72 ಅಥವಾ ಅದಕ್ಕೂ ಕಡಿಮೆ ಕಂಡರೆ ಬಹುಮಟ್ಟಿಗೆ 2.4ರಲ್ಲಿದ್ದೀರಿ, ಕೈಗೆ ಸಿಗುವುದು ಅದರ ಅರ್ಧದಷ್ಟು. ರೂಟರ್ ಸೆಟ್ಟಿಂಗ್‌ನಲ್ಲಿ 2.4ರ ಚಾನೆಲ್ ‘ಆಟೋ’ ಎಂದಿರುತ್ತದೆ. ಅದನ್ನು 1, 6, 11 ಈ ಮೂರರಲ್ಲಿ ಒಂದಕ್ಕೆ ಬದಲಿಸಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ವೈಫೈ ಅನಲೈಸರ್ ಥರದ ಆ್ಯಪ್ ಹಾಕಿಕೊಂಡರೆ ಅಕ್ಕಪಕ್ಕದವರು ಯಾವುದರಲ್ಲಿದ್ದಾರೆ ಎಂದು ಕಾಣುತ್ತದೆ, ಕಡಿಮೆ ಜನ ಇರುವುದನ್ನು ಆರಿಸಿಕೊಳ್ಳಿ. ಚಾನೆಲ್ ಅಗಲ 40 ಮೆಗಾಹರ್ಟ್ಸ್ ಎಂದಿದ್ದರೆ 20ಕ್ಕೆ ಇಳಿಸಿ. ಇಳಿಸಿದರೆ ಸ್ಪೀಡ್ ಹೋಗುತ್ತೆ ಅನ್ನಿಸಬಹುದು, ಗಿಜಿಗುಡುವ ಬೀದಿಯಲ್ಲಿ 20 ಇಟ್ಟುಕೊಂಡವರೇ ನೆಮ್ಮದಿಯಾಗಿರುತ್ತಾರೆ. ಕಸ್ಟಮರ್ ಕೇರ್‌ನವರು ‘ಒಂದ್ಸಲ ಆಫ್ ಮಾಡಿ ಆನ್ ಮಾಡಿ’ ಅಂದಾಗ ಒಮ್ಮೊಮ್ಮೆ ಸರಿಹೋಗುತ್ತದಲ್ಲ, ರೂಟರ್ ಮತ್ತೆ ಎದ್ದಾಗ ಬೇರೆ ಚಾನೆಲ್ ಹಿಡಿದಿರುವುದೂ ಅದಕ್ಕೆ ಕಾರಣವಿರಬಹುದು.

ಅದೇ ಆ್ಯಪ್‌ನಲ್ಲಿ ಸಿಗ್ನಲ್ ಬಲವೂ ಮೈನಸ್ ಅಂಕಿಯಲ್ಲಿ ಕಾಣುತ್ತದೆ. ಮಗಳು ಕೂರುವ ಮೇಜಿನ ಮೇಲೇ ಫೋನ್ ಇಟ್ಟು ನೋಡಿ. ಮೈನಸ್ 50 ಅಂದರೆ ಭರ್ಜರಿ. ಮೈನಸ್ 67ರವರೆಗೆ ವಿಡಿಯೊ ಕರೆಗೆ ತೊಂದರೆ ಇಲ್ಲ. ಮೈನಸ್ 75 ದಾಟಿದರೆ ಚಾನೆಲ್ ಬದಲಿಸಿ ಏನೂ ಆಗುವುದಿಲ್ಲ, ಮೇಲೆ ಇನ್ನೊಂದು ವೈಫೈ ಬೇಕೇ ಬೇಕು.

ಆಗ ಅಂಗಡಿಯವರು ಮೊದಲು ತೋರಿಸುವುದು ರಿಪೀಟರ್. ನನಗೆ ಅದರ ಮೇಲೆ ಅಷ್ಟು ಪ್ರೀತಿ ಇಲ್ಲ. ಕೇಳಿದ್ದನ್ನೇ ಮತ್ತೆ ಹೇಳುವ ಯಂತ್ರ ಅದು, ಅಗ್ಗದವು ಎರಡಕ್ಕೂ ಒಂದೇ ಚಾನೆಲ್ ಬಳಸುವುದರಿಂದ ಸ್ಪೀಡ್ ಅರ್ಧಕ್ಕೆ ಬೀಳುತ್ತದೆ. ಸಾಲದ್ದಕ್ಕೆ ಜನ ಅದನ್ನು ಸಿಗ್ನಲ್ ಇಲ್ಲದ ರೂಮಿನಲ್ಲೇ ಸಿಕ್ಕಿಸುತ್ತಾರೆ. ಅದಕ್ಕೇ ಸರಿಯಾಗಿ ಕೇಳಿಸದಿದ್ದರೆ ಏನನ್ನು ಮತ್ತೆ ಹೇಳೀತು? ತಂದೇಬಿಟ್ಟಿದ್ದರೆ ಮೆಟ್ಟಿಲ ಮಧ್ಯದಲ್ಲಿ ಹಾಕಿ.

ನನ್ನ ಕೇಳಿದರೆ ಹಾಲ್‌ನಿಂದ ಮೇಲಿನ ರೂಮಿಗೆ ಒಂದು ಲ್ಯಾನ್ ಕೇಬಲ್ ಎಳೆಸಿ. ಕ್ಯಾಟ್ 6 ದರ್ಜೆಯ ಕೇಬಲ್ ಕೇಳಿ, ಪೂರ್ತಿ ತಾಮ್ರದ್ದೇ ಬೇಕು ಅನ್ನಿ. ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ ಇರುವುದನ್ನೂ ಕ್ಯಾಟ್ 6 ಎಂದೇ ಮಾರುತ್ತಾರೆ. ಕರೆಂಟ್ ವೈರ್ ಇರುವ ಪೈಪಿನೊಳಗೇ ತೂರಿಸಲು ಎಲೆಕ್ಟ್ರಿಷಿಯನ್‌ಗೆ ಬಿಡಬೇಡಿ, ಬೇರೆ ಪೈಪ್ ಹಾಕಿಸಿ. ಮೇಲ್ಗಡೆ ಹೊಸದೇನೂ ಬೇಕಿಲ್ಲ, ಅಟ್ಟದಲ್ಲಿ ಹಳೇ ರೂಟರ್ ಬಿದ್ದಿದ್ದರೆ ಅದೇ ಸಾಕು. ಅದರ ಸೆಟ್ಟಿಂಗ್‌ನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ (ಕೇಬಲ್‌ನಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಹಂಚುವುದಷ್ಟೇ ಅದರ ಕೆಲಸ) ಇದ್ದರೆ ಆರಿಸಿ. ಇಲ್ಲದಿದ್ದರೆ ಕೆಳಗಿನ ರೂಟರ್‌ಗಿಂತ ಬೇರೆ ವಿಳಾಸ ಕೊಟ್ಟು, ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, ಕೇಬಲನ್ನು ಹೊರಗಿನ ಲೈನ್‌ಗೆಂದು ಇರುವ ವ್ಯಾನ್ ಪೋರ್ಟ್ ಬಿಟ್ಟು ಲ್ಯಾನ್ ಪೋರ್ಟ್‌ಗೆ ಸಿಕ್ಕಿಸಿ. ಕೆಳಗಿನದು ಚಾನೆಲ್ 1ರಲ್ಲಿದ್ದರೆ ಇದಕ್ಕೆ 6 ಅಥವಾ 11 ಇರಲಿ. ಗೋಡೆ ಕೊರೆಯಲು ಆಗದ ಬಾಡಿಗೆ ಮನೆಯಾದರೆ ಮೆಶ್ ರೂಟರ್ (ಎರಡು-ಮೂರು ಡಬ್ಬಿಗಳು ಸೇರಿ ಒಂದೇ ವೈಫೈ ಆಗಿ ಕೆಲಸ ಮಾಡುವಂಥದ್ದು) ನೋಡಬಹುದು, ದುಬಾರಿ.

ಇಷ್ಟೆಲ್ಲ ಆದಮೇಲೂ ರಾತ್ರಿ ಹೊತ್ತು ಹಾಗೇ ಇದ್ದರೆ ಆಚೆ ಕಡೆಗೆ ಗಮನ ಕೊಡಿ. ಬೆಳಗ್ಗೆ 7ಕ್ಕೆ ಒಮ್ಮೆ, ರಾತ್ರಿ 9ಕ್ಕೆ ಒಮ್ಮೆ ಕೇಬಲ್ ಹಾಕಿ ಟೆಸ್ಟ್ ಮಾಡಿ. ಬೆಳಗ್ಗೆ 94, ರಾತ್ರಿ 20 ಎಂದು ಬಂದರೆ ನಿಮ್ಮ ವೈಫೈ ತಪ್ಪಲ್ಲ. ಮನೆಗೆ ಬರುವ ಫೈಬರ್ ನಿಮ್ಮೊಬ್ಬರದೇ ಅಲ್ಲ. ಸಾಮಾನ್ಯವಾಗಿ ಬಳಸುವ ಜಿಪಾನ್ ವ್ಯವಸ್ಥೆಯಲ್ಲಿ ಸುಮಾರು 2.5 ಜಿಬಿಪಿಎಸ್‌ನ ಒಂದು ಎಳೆಯನ್ನು 32 ಅಥವಾ 64 ಮನೆಗಳಿಗೂ ಹಂಚಿರಬಹುದು, ಅದರ ಹಿಂದೆ ಲೋಕಲ್ ಆಪರೇಟರ್ ತಂದಿರುವ ಲೈನ್ ಎಷ್ಟು ದಪ್ಪವೋ ಅಷ್ಟೇ. ಕೆಲವು ರೂಟರ್‌ಗಳ ಸ್ಟೇಟಸ್ ಪುಟದಲ್ಲಿ ಆಪ್ಟಿಕಲ್ ಪವರ್, ಅಂದರೆ ಫೈಬರ್‌ನಲ್ಲಿ ಬಂದು ತಲುಪುವ ಬೆಳಕಿನ ಬಲ ಕೂಡ ಇರುತ್ತದೆ. ಮೈನಸ್ 15ರಿಂದ 25ರೊಳಗಿದ್ದರೆ ಸರಿ, ಮೈನಸ್ 27 ದಾಟಿದ್ದರೆ ಎಲ್ಲೋ ಫೈಬರ್ ಮಡಚಿದೆ, ಅಳಿಲು ಕಡಿದಿದೆ ಅಥವಾ ಜಾಯಿಂಟ್‌ನಲ್ಲಿ ಧೂಳು ಕೂತಿದೆ. ತಿಂಗಳ ಕೊನೆಗೆ ಮಾತ್ರ ನಿಧಾನವಾಗುವುದಾದರೆ ಪ್ಲಾನ್‌ನ ಡೇಟಾ ಮಿತಿ ಮುಗಿದಿದೆಯಾ ಎಂದು ಆ್ಯಪ್‌ನಲ್ಲಿ ನೋಡಿ.

ದೂರು ಕೊಡುವಾಗ ‘ನೆಟ್ ಸ್ಲೋ’ ಅಂದರೆ ಅವರು ಹೇಳುವುದು ಅದೇ ಹಳೇ ಮಾತು. ‘ಲ್ಯಾನ್ ಕೇಬಲ್ ಹಾಕಿ ರಾತ್ರಿ 9ಕ್ಕೆ ಟೆಸ್ಟ್ ಮಾಡಿದ್ದೀನಿ, 20 ಬರ್ತಿದೆ, ಬೆಳಗ್ಗೆ 94 ಬರುತ್ತೆ, ಸ್ಕ್ರೀನ್‌ಶಾಟ್ ಇದೆ’ ಅನ್ನಿ. ಡಾಕೆಟ್ ನಂಬರ್, ಅಂದರೆ ದೂರಿನ ನೋಂದಣಿ ಸಂಖ್ಯೆ ಕೊಡದೆ ಫೋನ್ ಇಡಲು ಬಿಡಬೇಡಿ. ಅದಕ್ಕೂ ಬಗ್ಗದಿದ್ದರೆ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಬರೆಯಬಹುದು, ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ ನಿಯಮದ ಪ್ರಕಾರ ಆ ವ್ಯವಸ್ಥೆ ಅವರಲ್ಲಿ ಇರಲೇಬೇಕು. ಟ್ರಾಯ್ ಒಬ್ಬೊಬ್ಬರ ದೂರನ್ನು ನೇರವಾಗಿ ವಿಚಾರಿಸುವುದಿಲ್ಲ. ಅಪೀಲಿಗೂ ಆ ಡಾಕೆಟ್ ನಂಬರೇ ಬೇಕು, ಬರೆದಿಟ್ಟುಕೊಳ್ಳಿ.